ಹಸಿರು ಬಣ್ಣ ನೋಡಿ ಹಣ ಕೊಡಬೇಡಿ: ಕರಾವಳಿಯಲ್ಲಿ ಹೈಡ್ರೋಸೀಡಿಂಗ್ ಮಾಡಿಸುವವರ ಗಮನಕ್ಕೆ

ಕುಮಟಾದ ನಮ್ಮ ಹೊಸ ಮನೆಯ ಮುಂದೆ ಹೈಡ್ರೋಸೀಡಿಂಗ್ ವಿಧಾನದಿಂದ ಹುಲ್ಲುಹಾಸು ಬೆಳೆಸಿಕೊಡುವುದಾಗಿ ಒಪ್ಪಿಕೊಂಡ ಗುತ್ತಿಗೆದಾರರೊಬ್ಬರು ಮೇ ತಿಂಗಳ ಕೊನೆಯಲ್ಲಿ ಬೀಜ ಸಿಂಪಡಿಸಿ, ಪೂರ್ತಿ ಹಣ ಪಡೆದು ಹೋದರು. ಜೂನ್ ಮುಗಿಯುವಷ್ಟರಲ್ಲಿ ಬೀಜ, ಗೊಬ್ಬರ, ಹೊರಗಿನಿಂದ ತರಿಸಿದ್ದ ಮಣ್ಣು ಎಲ್ಲವೂ ಗಟಾರ ಸೇರಿದ್ದವು. ಇದೇ ಯೋಚನೆಯಲ್ಲಿರುವ ನಮ್ಮ ಜಿಲ್ಲೆಯವರು ಹಣ ಕಳೆದುಕೊಳ್ಳಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ವಿಧಾನವೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹುಲ್ಲಿನ ಬೀಜ, ನೀರು, ಗೊಬ್ಬರ, ಮರದ ನಾರು ಅಥವಾ ಕಾಗದದ ತಿರುಳು ಮತ್ತು ಅಂಟನ್ನು ಟ್ಯಾಂಕಿನಲ್ಲಿ ಕಲಸಿ, ಪಂಪಿನಿಂದ ನೆಲದ ಮೇಲೆ ಸಿಂಪಡಿಸುತ್ತಾರೆ. ಎಲ್ಲಿ ಬಿದ್ದಿದೆ, ಎಲ್ಲಿ ಬಿಟ್ಟುಹೋಗಿದೆ ಎಂಬುದು ಕೆಲಸಗಾರರಿಗೆ ಕಾಣಲೆಂದು ಅದಕ್ಕೆ ಹಸಿರು ಬಣ್ಣ ಬೆರೆಸಿರುತ್ತಾರೆ. ಆ ಬಣ್ಣವನ್ನೇ ತೋರಿಸಿ ನಮ್ಮಿಂದ ಕೊನೆಯ ಕಂತನ್ನೂ ಕೇಳಿ ಪಡೆದರು. ಬಣ್ಣ ಕೆಲವೇ ದಿನಗಳಲ್ಲಿ ಮಾಸಿತು.

ಮಳೆ ಬಿರುಸಾಗುವ ಮೊದಲೇ ಅಲ್ಲಲ್ಲಿ ಮೊಳಕೆ ಕಂಡಿತ್ತು. ಆದರೆ ಆ ತಿರುಳಿನ ಪದರದ ಒಂದು ಚೂರನ್ನು ಎತ್ತಿದಾಗ ಅದು ಹಪ್ಪಳದಂತೆ ಇಡಿಯಾಗಿ ಎದ್ದುಬಂತು. ನೂಲಿನಷ್ಟು ತೆಳ್ಳನೆಯ ಬಿಳಿ ಬೇರುಗಳು ಅದರ ಅಡಿಯಲ್ಲೇ ಅಡ್ಡಡ್ಡ ಹರಡಿಕೊಂಡಿದ್ದವೇ ಹೊರತು ಒಂದೂ ಮಣ್ಣಿಗೆ ಇಳಿದಿರಲಿಲ್ಲ. ಕೆಳಗಿದ್ದದ್ದು ಜೆಸಿಬಿ ಓಡಾಡಿ ಬಿಗಿದುಹೋದ ಚಿರೆಕಲ್ಲಿನ ನೆಲ. ಅದನ್ನು ಆಳವಾಗಿ ಅಗೆದು ಸಡಿಲಿಸಿ, ಹಟ್ಟಿಗೊಬ್ಬರ ಬೆರೆಸುವ ಬದಲು ಅದರ ಮೇಲೆಯೇ ತೆಳುವಾಗಿ ಮಣ್ಣು ಹರಡಿ ಸಿಂಪಡಿಸಿದ್ದರು. ನೆಲ ಹದ ಮಾಡುವುದೇ ಈ ಕೆಲಸದ ಮುಕ್ಕಾಲು ಪಾಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಎರಡನೆಯದು ಕಾಲ. "ಮಳೆಗಾಲ ಬಂತಲ್ಲ, ನೀರು ಹಾಕುವ ಖರ್ಚು ಉಳಿಯಿತು" ಎಂದು ಅವರು ಹೇಳಿದ ಮಾತು ನಮ್ಮ ಕರಾವಳಿಗೆ ಸಲ್ಲದು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುವ ಊರಿನಲ್ಲಿ, ಇನ್ನೂ ಬೇರೂರದ ಬೀಜವನ್ನು ಇಳಿಜಾರಿನ ಮೇಲೆ ಹಿಡಿದಿಡುವ ಶಕ್ತಿ ಆ ತೆಳು ಅಂಟಿಗಿಲ್ಲ. ಮೊಳಕೆಗೆ ಬೇಕಾದದ್ದು ಮೊದಲ ಎರಡು ಮೂರು ವಾರ ದಿನಕ್ಕೆ ಹಲವು ಬಾರಿ ಹಗುರವಾಗಿ ಚಿಮುಕಿಸುವ ನೀರು, ಜಡಿಮಳೆಯಲ್ಲ. ಮಳೆ ಹಿಂದೆ ಸರಿದು, ಬಾವಿಯಲ್ಲಿ ಇನ್ನೂ ನೀರು ತುಂಬಿರುವ ಅಕ್ಟೋಬರ್ ಕಡೆಯ ದಿನಗಳು ಇಲ್ಲಿಗೆ ಹೆಚ್ಚು ಸೂಕ್ತ.

ಬೀಜ ಯಾವುದೆಂಬುದನ್ನೂ ಚೀಲ ಒಡೆಯುವ ಮೊದಲೇ ನೋಡಿಕೊಳ್ಳಿ. ಬರ್ಮುಡಾ ಎಂದು ಮಾರುವುದು ಗಣಪತಿಗೆ ಏರಿಸುವ ನಮ್ಮ ಗರಿಕೆಯ ಜಾತಿಯದೇ. ಅದಕ್ಕೆ ತುಂಬು ಬಿಸಿಲು ಬೇಕು, ಮಾವು ಹಲಸಿನ ದಟ್ಟ ನೆರಳಿನಲ್ಲಿ ಅದು ಹಬ್ಬುವುದಿಲ್ಲ. ಚಿಕ್ಕ ಅಂಗಳವಾದರೆ ಗರಿಕೆಯ ಬಳ್ಳಿಗಳನ್ನೇ ತುಂಡರಿಸಿ ಸಾಲಾಗಿ ನೆಡಿಸುವುದು ಅಗ್ಗ.

ಹೈಡ್ರೋಸೀಡಿಂಗನ್ನೇ ಮಾಡಿಸುವುದಾದರೆ, ನೆಲ ಎಷ್ಟು ಆಳ ಅಗೆಯುತ್ತಾರೆ, ಮೊಳೆಯದ ಜಾಗಕ್ಕೆ ಮತ್ತೆ ಯಾರ ಖರ್ಚಿನಲ್ಲಿ ಸಿಂಪಡಿಸುತ್ತಾರೆ ಎಂಬುದನ್ನು ಕಾಗದದಲ್ಲಿ ಬರೆಸಿಕೊಳ್ಳಿ. ಇಳಿಜಾರಿದ್ದರೆ ತೆಂಗಿನ ನಾರಿನ ಬಲೆ ಹೊದಿಸುವುದೂ ಅದರಲ್ಲಿ ಸೇರಿರಲಿ. ಕೊನೆಯ ಕಂತನ್ನು ಹುಲ್ಲು ಬೇರೂರಿ, ಒಮ್ಮೆ ಕತ್ತರಿಸಿದ ಮೇಲಷ್ಟೇ ಕೊಡಿ.