ನೆತ್ತಿಗಲ್ಲ, ರಕ್ತಕ್ಕೇರಿದ ಪಿತ್ತ: ಮನೆಗೇ ಬರುವ ಲಿವರ್ ಟೆಸ್ಟ್ ಹೇಗಿತ್ತು

ರಾತ್ರಿಯಾದರೆ ಅಂಗೈ, ಅಂಗಾಲು ಕೆರೆತ. ಮೈಮೇಲೆ ಒಂದು ಗುಳ್ಳೆಯೂ ಇಲ್ಲ. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ದಿನಾ ತಗೋತೀರಾ?" ದಿನಾ ಒಂದು ಕ್ವಾರ್ಟರ್, ಹನ್ನೆರಡು ವರ್ಷದಿಂದ. ಲಿವರ್ ಟೆಸ್ಟಿನ ಜೊತೆ, ಪಿತ್ತರಸದ ಆಸಿಡ್ ರಕ್ತದಲ್ಲಿ ಎಷ್ಟಿದೆ ಅಂತ ನೋಡುವ ಬೈಲ್ ಆಸಿಡ್ ಟೆಸ್ಟನ್ನೂ ಬರೆದರು.

ನಮ್ಮ ದಾವಣಗೆರೆಯದೇ ಲ್ಯಾಬ್. ಹೆಸರು ಬೇಡ. ಫೋನಿನಲ್ಲಿ "ತಿಂಡಿ ತಿನ್ನಬಹುದಾ?" ಎಂದೆ. "ಪರವಾಗಿಲ್ಲ ಸರ್." ಏಳಕ್ಕೆ ಬರಬೇಕಾದ ಹುಡುಗ ಬಂದಿದ್ದು ಒಂಬತ್ತೂವರೆಗೆ. ಅಷ್ಟರಲ್ಲಿ ನನ್ನ ಹೊಟ್ಟೆಯಲ್ಲಿ ಎರಡು ಬೆಣ್ಣೆ ದೋಸೆ! ರಿಪೋರ್ಟಿನಲ್ಲಿ ಬೈಲ್ ಆಸಿಡ್ 31, ಇರಬೇಕಾದ್ದು 10ರೊಳಗೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಡಾಕ್ಟರ್ ನಕ್ಕರು. ಬೆಣ್ಣೆ ತಿಂದರೆ ಪಿತ್ತಕೋಶ ಹಿಂಡಿಕೊಂಡು ಪಿತ್ತರಸವನ್ನು ಕರುಳಿಗೆ ಸುರಿಯುತ್ತದಂತೆ. ಅದರ ಆಸಿಡ್‌ನಲ್ಲಿ ಸುಮಾರು ನೂರಕ್ಕೆ 95 ಪಾಲು ಸಣ್ಣ ಕರುಳಿನ ತುದಿಯಿಂದ ಮತ್ತೆ ಲಿವರ್‌ಗೇ ವಾಪಸ್. ದಿನಕ್ಕೆ ಹಲವು ಸುತ್ತು. ಸ್ವಲ್ಪ ಲಿವರ್‌ನ ಕೈತಪ್ಪಿ ರಕ್ತಕ್ಕೆ ಹೋಗುತ್ತದೆ, ಊಟವಾದ ಮೇಲೆ ಇನ್ನೂ ಜಾಸ್ತಿ. ಅದಕ್ಕೇ ಖಾಲಿ ಹೊಟ್ಟೆಯಲ್ಲಿ ನೋಡಬೇಕು. ಇದನ್ನು ಲ್ಯಾಬಿನವರು ಹೇಳಬೇಕಿತ್ತು ಅಲ್ವಾ? ಹೇಳಲಿಲ್ಲ, ಎರಡನೇ ಸಲ ದುಡ್ಡನ್ನೂ ಬಿಡಲಿಲ್ಲ.

ಖಾಲಿ ಹೊಟ್ಟೆಯಲ್ಲಿ ಬಂದಿದ್ದು 17. ಅಂದರೆ ಎಲ್ಲಾ ದೋಸೆಯ ತಪ್ಪಲ್ಲ. ಡಾಕ್ಟರ್ ಚೀಟಿ ತಿರುವಿ ಚಿತ್ರ ಬರೆದರು. ಲಿವರ್ ಕೊಲೆಸ್ಟ್ರಾಲ್‌ನಿಂದ ಬೈಲ್ ಆಸಿಡ್ ಮಾಡುತ್ತದೆ. ಎಣ್ಣೆಯಿಂದ, ಅಂದರೆ ಕುಡಿತದಿಂದ, ಲಿವರ್ ಊದಿಕೊಂಡರೆ ಅದನ್ನು ಪಿತ್ತನಾಳಕ್ಕೆ ತಳ್ಳುವ ಶಕ್ತಿ ತಗ್ಗುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳೂ ಬದಲಾಗಿ ಆಸಿಡ್‌ನ ಬಗೆಯನ್ನೇ ಬದಲಿಸುತ್ತವೆ. ಕಾಯಿಲೆ ಜೋರಾದವರಲ್ಲಿ ಲಿವರ್ ಹೊಸದಾಗಿ ಮಾಡುವುದನ್ನು ಕಡಿಮೆ ಮಾಡಿದರೂ ರಕ್ತದಲ್ಲಿ ಏರುತ್ತಲೇ ಇರುತ್ತದೆ. ಮೋರಿ ಕಟ್ಟಿಕೊಂಡ ಬಚ್ಚಲಲ್ಲಿ ನಲ್ಲಿ ಸಣ್ಣದು ಮಾಡಿದ ಹಾಗೆ. ಸಾಬೂನಿನಂಥ ಈ ಆಸಿಡ್ ಜಾಸ್ತಿ ನಿಂತರೆ ಲಿವರ್ ಜೀವಕೋಶಗಳನ್ನೇ ತಿನ್ನುತ್ತದೆ. ತಲೆ ಸುತ್ತಿದರೂ ಪಿತ್ತ ಅಂತ ಅಮ್ಮ ನಿಂಬೆ ಶರಬತ್ತು ಕೊಡುತ್ತಿದ್ದಳು. ಇದು ಆ ಪಿತ್ತವಲ್ಲ.

ಇನ್ನು ರಿಪೋರ್ಟಿನಲ್ಲಿದ್ದ ಲಿವರ್ ಎಂಜೈಮ್‌ಗಳು. ಜಿಜಿಟಿ 168. ಎಎಸ್‌ಟಿ 96, ಎಎಲ್‌ಟಿ 44. ಎಎಸ್‌ಟಿ ಎಎಲ್‌ಟಿಯ ಎರಡರಷ್ಟಿದ್ದರೆ ಎಣ್ಣೆಯ ಮೇಲೇ ಮೊದಲ ಅನುಮಾನ ಅಂತ ಡಾಕ್ಟರ್ ಹೇಳಿದರು. ರಿಪೋರ್ಟಿನಲ್ಲಿ ಸುಮ್ನೆ ದಪ್ಪಕ್ಷರ, ಕೆಳಗೆ ಲಿವರ್ ತೊಳೆಯುವ ಸಿರಪ್ಪಿನ ಜಾಹೀರಾತು.

ಬಾಟಲಿ ಬಿಟ್ಟು ಏಳು ವಾರ. ಕೆರೆತ ಇಳಿದಿದೆ. ಲ್ಯಾಬಿಗೆ ಎರಡೇ ಸ್ಟಾರ್. ಅದರಲ್ಲಿ ಒಂದು ಆ ಹುಡುಗನ ಕೈಗೆ. ಸೂಜಿ ಚುಚ್ಚಿದ್ದೇ ಗೊತ್ತಾಗಲಿಲ್ಲ.