ಎಕ್ಸ್ ಲಿಬ್ರಿಸ್: ಓದೋ ಹುಚ್ಚಿರೋರು ಬಿಡಬಾರದ ಪುಸ್ತಕ

ಪುಸ್ತಕಗಳ ಬಗ್ಗೆ ಪ್ರಬಂಧ ಅಂದ ತಕ್ಷಣ ಯಾವುದೋ ಒಣ ವಿಮರ್ಶೆ ಅನ್ಕೊಂಡು ದೂರ ಸರಿಯೋರು ತುಂಬಾ ಜನ ಇದಾರೆ, ಅಂಥವರ ಕೈಗೆ ನಾನು ಮೊದಲು ಕೊಡೋದು ಅಮೆರಿಕದ ಲೇಖಕಿ ಆನ್ ಫ್ಯಾಡಿಮನ್ ಅವರ ಎಕ್ಸ್ ಲಿಬ್ರಿಸ್. 1998ರಲ್ಲಿ ಬಂದ ಇಂಗ್ಲಿಷ್ ಪುಸ್ತಕ, ತೆಳ್ಳಗಿದೆ, 18 ಪ್ರಬಂಧ, ಒಂದೊಂದೂ ಕೂತಲ್ಲೇ ಮುಗಿಯುತ್ತೆ. ಯಾವ ಕಾದಂಬರಿ ಶ್ರೇಷ್ಠ ಅನ್ನೋ ತೀರ್ಪಿನ ಗೋಜಿಗೇ ಹೋಗಲ್ಲ, ಪುಸ್ತಕಗಳ ಜೊತೆ ಸಂಸಾರ ಮಾಡೋದು ಹೇಗಿರುತ್ತೆ ಅಂತ ಹೇಳ್ತಾರೆ.

ಮೊದಲನೇ ಪ್ರಬಂಧನೇ ನೋಡಿ. ಮದುವೆಯಾಗಿ ಐದು ವರ್ಷ ಆದ್ಮೇಲೆ ಫ್ಯಾಡಿಮನ್ ಮತ್ತೆ ಅವರ ಗಂಡ ತಮ್ಮ ಪುಸ್ತಕಗಳನ್ನೆಲ್ಲಾ ಒಂದೇ ಕಡೆ ಸೇರಿಸೋಕೆ ಕೂರ್ತಾರೆ, ಈಕೆಗೆ ದೇಶ, ವಿಷಯ ಅಂತ ಬೇರೆ ಬೇರೆ ಜೋಡಿಸ್ಬೇಕು, ಆತಂದು ಎಲ್ಲಾ ಸಾಹಿತ್ಯ ಅಂತ ಒಂದೇ ರಾಶಿ. ಅದೆಲ್ಲಾ ಹೇಗೋ ಬಗೆಹರಿಯುತ್ತೆ, ನಿಜವಾದ ಕಷ್ಟ ಬರೋದು ಇಬ್ರ ಹತ್ರಾನೂ ಅದೇ ಪುಸ್ತಕ ಇದ್ದಾಗ, ಯಾರ ಪ್ರತಿ ಇಟ್ಕೊಳೋದು ಯಾರದ್ದು ಕೊಟ್ಟುಬಿಡೋದು? ಎಲ್ಲಾದ್ರೂ ಮುಂದೆ ಬೇರೆ ಆಗೋ ಹಾಗಾದ್ರೆ ಇರಲಿ ಅಂತ ಇಬ್ರೂ ಒಳಗೊಳಗೇ ಇಷ್ಟದ ಪುಸ್ತಕದ ತಮ್ಮ ಪ್ರತಿ ಕಾಪಾಡ್ಕೊಂಡು ಬಂದಿದ್ರು ಅನ್ನೋದು ಆಗ ಹೊರಗೆ ಬರುತ್ತೆ. ನಾನು ಅಲ್ಲೇ ಪುಸ್ತಕ ಮಡಿಚಿ ಸ್ವಲ್ಪ ಹೊತ್ತು ಕೂತೆ, ಕಪಾಟು ಜೋಡಿಸೋ ಕೆಲಸದಲ್ಲಿ ಒಂದು ದಾಂಪತ್ಯವನ್ನೇ ತೋರಿಸಿಬಿಟ್ಟಿದಾರೆ.

ಪುಸ್ತಕನ ಹೇಗೆ ನೋಡ್ಕೋಬೇಕು ಅನ್ನೋ ಪ್ರಬಂಧನೂ ಅಷ್ಟೇ ಚೆನ್ನಾಗಿದೆ. ಹುಡುಗನಾಗಿದ್ದಾಗ ಇವರಣ್ಣ ಕೋಪನ್‌ಹೇಗನ್ನಿನ ಹೋಟೆಲಲ್ಲಿ ಪುಸ್ತಕನ ಬೋರಲು ಹಾಕಿ ಹೋಗಿರ್ತಾನೆ, ವಾಪಸ್ ಬಂದ್ರೆ ಪುಸ್ತಕ ಮುಚ್ಚಿದೆ, ಪುಟ ತಪ್ಪದ ಹಾಗೆ ಕಾಗದ ಇಟ್ಟಿದೆ, ಪುಸ್ತಕಕ್ಕೆ ಹೀಗೆ ಯಾವತ್ತೂ ಮಾಡ್ಬಾರ್ದು ಅಂತ ಕೆಲಸದಾಕೆಯ ಚೀಟಿ ಬೇರೆ! ಅಪ್ಪ ಅಂತೂ ವಿಮಾನದಲ್ಲಿ ಭಾರ ಕಮ್ಮಿ ಆಗ್ಲಿ ಅಂತ ಓದಿ ಮುಗಿಸಿದ ಅಧ್ಯಾಯನೇ ಹರಿದು ಬಿಸಾಕ್ತಿದ್ರಂತೆ. ಅಂಚಲ್ಲಿ ಗೀಚೋದು, ಪುಟದ ಮೂಲೆ ಮಡಿಚೋದು ನಂಗೆ ಒಪ್ಪಿಗೆ, ಹರಿಯೋದು ಮಾತ್ರ ನೋಡೋಕಾಗಲ್ಲ.

ಅದೇ ಅಪ್ಪ ಇಳಿವಯಸ್ಸಲ್ಲಿ ಕಣ್ಣು ಕಳ್ಕೊಂಡಾಗ ಆಸ್ಪತ್ರೇಲಿ ಅಪ್ಪ ಮಗಳು ತನ್ನದೇ ಕುರುಡುತನದ ಬಗ್ಗೆ ಇಂಗ್ಲಿಷ್ ಕವಿ ಮಿಲ್ಟನ್ ಬರೆದ ಸಾನೆಟ್, ಅಂದ್ರೆ ಹದಿನಾಲ್ಕು ಸಾಲಿನ ಕವಿತೆ, ನೆನಪಿಸ್ಕೊಳೋಕೆ ನೋಡ್ತಾರೆ. ಓದೋದೇ ಬದುಕು ಅನ್ಕೊಂಡಿದ್ದ ಮನುಷ್ಯನಿಗೆ ಆ ಹೊತ್ತಲ್ಲಿ ಜೊತೆಯಾಗಿದ್ದು ಹಿಂದೆ ಓದಿದ್ದ ಹದಿನಾಲ್ಕು ಸಾಲು. ಇಡೀ ಪುಸ್ತಕದಲ್ಲಿ ನಂಗೆ ತುಂಬಾ ಹತ್ತಿರ ಆಗಿದ್ದು ಇದೇ.

ಎಲ್ಲವೂ ಒಂದೇ ತೂಕದ್ದಲ್ಲ. ಉದ್ದುದ್ದ ಇಂಗ್ಲಿಷ್ ಪದಗಳ ಬಗ್ಗೆ ಇರೋದು ನಂಗೆ ಸಪ್ಪೆ ಅನ್ನಿಸ್ತು, ಕೃತಿಚೌರ್ಯದ್ದು ಅಡಿಟಿಪ್ಪಣಿಗಳ ಮೇಲೆ ಅಡಿಟಿಪ್ಪಣಿ ಬಂದು ಸುಸ್ತು ಮಾಡುತ್ತೆ. ಬೇಕಾದ್ರೆ ಅವೆರಡನ್ನ ಹಾರಿಸಿ. ಕೊನೇಲಿ ಪುಸ್ತಕಗಳ ಬಗ್ಗೆನೇ ಇರೋ ಬೇರೆ ಪುಸ್ತಕಗಳ ಪಟ್ಟಿ ಕೊಟ್ಟಿದಾರೆ, ಅದನ್ನ ಮಾತ್ರ ಬಿಡಬೇಡಿ, ನಾನೀಗ ಅದರಲ್ಲಿರೋದನ್ನೇ ಒಂದೊಂದಾಗಿ ಹುಡುಕ್ತಾ ಇದೀನಿ.