ಹೊಸ ರೇರಾ ಏಜೆಂಟರಿಗೆ: ಹೊರಗಿನ ಕಂಪನಿಯೋ, ಊರಿನ ಸಣ್ಣ ಆಫೀಸೋ?

ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರು ಪಡೆದು ಶಿರಸಿ, ಕುಮಟಾ, ಕಾರವಾರದ ಕಡೆ ಜಾಗ-ಮನೆ ಮಾರಿಸುವ ಕೆಲಸ ಶುರು ಮಾಡುವವರಿಗೆ ನನ್ನ ಮತ ಊರಿನ ಸಣ್ಣ ಆಫೀಸಿಗೇ. ಎರಡೂ ಕಡೆ ಕೆಲಸ ಮಾಡಿದ ಮೇಲಿನ ಲೆಕ್ಕ ಇದು.

ಕಂಪನಿಯವರು ಕಮಿಷನ್ನಿನಲ್ಲಿ 70 ಭಾಗ ಕೊಟ್ಟರು, ಊರಿನವರು 50. 20 ಲಕ್ಷದ ಸೈಟಿಗೆ ಶೇ. 2ರಂತೆ 40,000. ಕಂಪನಿಯಲ್ಲಿ ನಮ್ಮ ಪಾಲು 28,000. ಆದರೆ ಅವರ ಆಫೀಸಿನಲ್ಲಿ ಕೂರಲು ನಾವೇ ಕೊಡಬೇಕಾದ ಟೇಬಲ್ ಚಾರ್ಜು ತಿಂಗಳಿಗೆ 3,000. ವ್ಯವಹಾರ ಮುಗಿಯಲು ಆರು ತಿಂಗಳಾದರೆ ಉಳಿಯುವುದು 10,000. ಊರಿನ ಆಫೀಸಿನಲ್ಲಿ 20,000 ಪೂರ್ತಿ ಕೈಗೆ.

ಆರು ತಿಂಗಳು ಯಾಕೆ? ಕಂಪನಿಯ ಕರಾರಿನಲ್ಲಿ 'ಕ್ರಯಪತ್ರ ನೋಂದಣಿಯಾದ ಮೇಲೆ ಪಾವತಿ' ಎಂದಿರುತ್ತದೆ. ನಮ್ಮಲ್ಲಿ ಬಯಾನಾ (ಮುಂಗಡ) ಕೊಟ್ಟ ದಿನಕ್ಕೂ ನೋಂದಣಿಗೂ ದೂರ ಬಹಳ. ಸರ್ವೆ ನಂಬರಿನ ಒಂದು ಭಾಗ ಮಾರುವುದಿದ್ದರೆ ಆ ಭಾಗವನ್ನು ಅಳೆದು ತೋರಿಸುವ 11ಇ ನಕ್ಷೆ ಬೇಕು. ಅರ್ಜಿ ಹಾಕಿ ಸರ್ವೆಯರ್ ಬಂದು ಅಳೆಯುವವರೆಗೆ ಕಾಯಬೇಕು. ಅಜ್ಜನ ಹೆಸರಲ್ಲೇ ಪಹಣಿ ಇದ್ದರೆ ಮೊದಲು ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು), ಆಮೇಲೆ ಪಾಲುದಾರರ ಸಹಿ, ಅವರಲ್ಲೊಬ್ಬರು ಮುಂಬೈಯಲ್ಲಿ. ಅಷ್ಟರೊಳಗೆ ನೀವು ಕಂಪನಿ ಬಿಟ್ಟರೆ ಬಾಕಿ ಕಮಿಷನ್ ಹೋಯಿತು; ಅದೂ ಕರಾರಿನಲ್ಲೇ ಇರುತ್ತದೆ. ಸಹಿ ಹಾಕುವ ಮೊದಲು ಎರಡು ಸಾಲು ಬರೆಸಿಕೊಳ್ಳಿ: ಬಯಾನಾ ದಿನವೇ ಎಷ್ಟು ಪಾಲು, ಬಿಟ್ಟು ಹೋಗುವಾಗ ನಡೆಯುತ್ತಿರುವ ವ್ಯವಹಾರಗಳ ಪಟ್ಟಿಗೆ ಯಾರ ಸಹಿ.

ಕಾಗದ ಓದುವುದನ್ನು ಕಲಿಯುವುದೂ ಊರಿನವರ ಹತ್ತಿರವೇ. ಅಡಿಕೆ ತೋಟದ ಜೊತೆಗಿನ ಸೊಪ್ಪಿನ ಬೆಟ್ಟವನ್ನು ಕಂಪನಿಯ ಜಾಹೀರಾತಿನಲ್ಲಿ ಎಕರೆ ಲೆಕ್ಕಕ್ಕೆ ಸೇರಿಸಿಬಿಡುತ್ತಾರೆ. ಅದು ಮಾಲ್ಕಿಯಲ್ಲ, ಸೊಪ್ಪು-ದರಕು (ಒಣ ಎಲೆ) ತರುವ ಸವಲತ್ತು. ಹಳೆಯ ದಲ್ಲಾಳಿ ಪಹಣಿಯ 11ನೇ ಕಾಲಂ (ಇತರ ಹಕ್ಕು-ಋಣಗಳು) ನೋಡದೆ ಪಾರ್ಟಿಯನ್ನು ಜಾಗಕ್ಕೆ ಕರೆದೊಯ್ಯುವುದಿಲ್ಲ. ಕರಾವಳಿಯಲ್ಲಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಕ್ಷೆಯನ್ನೂ ನೋಡಬೇಕು.

ಊರಿನ ಆಫೀಸಿನಲ್ಲೂ ಒಂದು ಅಪಾಯವಿದೆ. 500 ಚದರ ಮೀಟರ್, ಅಂದರೆ ಸುಮಾರು 5 ಗುಂಟೆ ಮೀರಿದ ಹೊಸ ಲೇಔಟಿಗೆ ರೇರಾ ನೋಂದಣಿ ಬೇಕು. ಅದಿಲ್ಲದ್ದನ್ನು ಮಾರಿಸಲು ಹೇಳಿದರೆ ಒಪ್ಪಬೇಡಿ. 25,000 ಕಟ್ಟಿ ಮಾಡಿಸಿದ ರೇರಾ ಏಜೆಂಟ್ ನಂಬರು ನಿಮ್ಮ ಹೆಸರಿನದು, ತೊಂದರೆಯೂ ನಿಮಗೇ.

ವರ್ಷದ ಖರ್ಚು ಕೈಯಲ್ಲಿದ್ದು ಫ್ಲಾಟುಗಳನ್ನಷ್ಟೇ ಮಾರುವುದಾದರೆ ಕಂಪನಿ ಸರಿ. ಗಿರಾಕಿಗಳ ಫೋನು ಅಲ್ಲಿಗೇ ಹೆಚ್ಚು. ತೋಟ, ಹಳೆಮನೆ, ಪಂಚಾಯತಿ ಸೈಟು ಅನ್ನುವವರು ಊರಲ್ಲೇ ಕೂತುಕೊಳ್ಳಿ.